ಕಾಕನಕೋಟೆಯ ಖೆಡ್ಡಾ

ಆನೆಯ ಹಿಂಡನ್ನು ನಡೆಸುವ ಅಧಿಕಾರ ಸಲಗದ್ದಲ್ಲ, ವಯಸ್ಸಾದ ಹೆಣ್ಣಾನೆಯದು. ಯಾವ ಬೇಸಗೆಯಲ್ಲಿ ಯಾವ ಹಳ್ಳದ ನೀರು ಬತ್ತದೆ ನಿಲ್ಲುವುದು, ಯಾವ ಕಣಿವೆಯ ಬಿದಿರು ಮೊದಲ ಮಳೆಗೆ ಚಿಗುರುವುದು, ಹೊಳೆಯನ್ನು ಎಲ್ಲಿ ದಾಟಿದರೆ ಮರಿಗಳಿಗೆ ಕ್ಷೇಮ ಎಂಬ ಅರಿವೆಲ್ಲವೂ ಅವಳ ನೆನಪಿನಲ್ಲಿ ಸಂಚಿತವಾಗಿದ್ದು, ಆ ನೆನಪೇ ಹಿಂಡಿಗೆ ದಾರಿಯಾಗುತ್ತದೆ. ಸೊಂಡಿಲನ್ನೆತ್ತಿ ಗಾಳಿಯನ್ನು ಪರೀಕ್ಷಿಸಿ ದೂರದ ಮನುಷ್ಯವಾಸನೆಯನ್ನು ಗುರುತಿಸುವುದು, ನಮ್ಮ ಕಿವಿಗೆ ನಿಲುಕದಷ್ಟು ಮಂದ್ರವಾದ ಧ್ವನಿಯಿಂದ ಬಂಧುಗಳನ್ನು ಕರೆಯುವುದು, ಅಪಾಯ ಒದಗಿದಾಗ ದಿಕ್ಕಾಪಾಲಾಗದೆ ಮರಿಗಳನ್ನು ನಡುವಿಗೆ ಹಾಕಿಕೊಂಡು ಒತ್ತಾಗಿ ನಿಲ್ಲುವುದು, ತುಂಬಿದ ಹೊಳೆಯನ್ನೂ ಅಳುಕದೆ ಈಜುವುದು, ಇವು ಆ ಜಾತಿಯನ್ನು ಯುಗಯುಗಗಳಿಂದ ಕಾಪಾಡಿಕೊಂಡು ಬಂದ ಗುಣಗಳು. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಅದನ್ನು ಮನುಷ್ಯನ ಕೈಗೆ ಒಪ್ಪಿಸಿದ ಗುಣಗಳೂ ಇವೇ.

ಹೆಣ್ಣಾನೆ ಒಂದು ಮರಿಗಾಗಿ ಹೆಚ್ಚುಕಡಿಮೆ 22 ತಿಂಗಳು ಗರ್ಭ ಹೊರುತ್ತದೆ. ಆ ಮರಿ ದುಡಿಮೆಗೆ ಒದಗುವಷ್ಟು ಬೆಳೆಯಲು ಮತ್ತೆ ಹತ್ತಾರು ವರ್ಷಗಳು ಹಿಡಿಯುತ್ತವೆ. ಇಂಥ ಪ್ರಾಣಿಯನ್ನು ಲಾಯದಲ್ಲಿ ಸಾಕಿ ಬೆಳೆಸುವುದಕ್ಕಿಂತ ಕಾಡೇ ಬೆಳೆಸಿಕೊಟ್ಟುದನ್ನು ಹಿಡಿದು ತರುವುದು ಲಾಭವೆಂದು ನಮ್ಮ ಅರಸರು ಬಹು ಹಿಂದೆಯೇ ಲೆಕ್ಕಹಾಕಿದ್ದರು. ಅರ್ಥಶಾಸ್ತ್ರವು ಆನೆಗಳಿಗೆಂದೇ ಮೀಸಲಾದ ವನಗಳನ್ನು ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಜಗ್ರಹಣದ ಹಲವು ಕ್ರಮಗಳು ನಿರೂಪಿತವಾಗಿವೆ. ಆದರೆ ನಮ್ಮ ಕಡೆ ಬಹುಕಾಲ ನಡೆದುಬಂದದ್ದು ಗುಂಡಿ ತೋಡಿ, ಮೇಲೆ ಸೊಪ್ಪುಸದೆ ಹರಡಿ ಬೀಳಿಸುವ ಕ್ರೂರ ಪದ್ಧತಿ. ಬಿದ್ದ ಆನೆಗಳಲ್ಲಿ ಕೈಕಾಲು ಮುರಿದು ಸತ್ತವೇ ಎಷ್ಟೋ. ಹಿಂಡನ್ನೇ ಒಟ್ಟಾಗಿ ಸೆರೆಹಿಡಿಯಲು ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಯತ್ನಿಸಿ ಸೋತನೆಂದೂ, ಮುಂದೆ ಆ ಸಾಹಸಕ್ಕೆ ಕೈಹಾಕುವವರಿಗೆ ಶಾಪವನ್ನು ಕಲ್ಲಿನ ಮೇಲೆ ಕೊರೆಯಿಸಿದನೆಂದೂ ಸ್ಯಾಂಡರ್ಸನ್ ಬರೆದಿಟ್ಟಿದ್ದಾನೆ.

ಈ ಶಾಪಕ್ಕೆ ಅಂಜದವನೂ ಆ ಸ್ಯಾಂಡರ್ಸನ್ನನೇ. ಮೈಸೂರಿನ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಈ ಆಂಗ್ಲ ಅಧಿಕಾರಿಗೆ ಆನೆ ಹಿಡಿದ ಅನುಭವವಿರಲಿಲ್ಲ. ಇದ್ದದ್ದು ಆನೆಯ ನಡೆಯನ್ನು ತಾಳ್ಮೆಯಿಂದ ನೋಡುವ ಕಣ್ಣು. ಮಳೆಗಾಲ ಹಿಡಿದೊಡನೆ ಬಿಳಿಗಿರಿರಂಗನ ಬೆಟ್ಟದ ಹಿಂಡುಗಳು ಚಾಮರಾಜನಗರದ ಬಳಿಯ ತಗ್ಗುಕಾಡಿಗೆ ಇಳಿಯುವುದನ್ನೂ, ಹೊನ್ನುಹೊಳೆಯ ಬದಿಯಲ್ಲಿ ತಮ್ಮ ವಾಡಿಕೆಯ ಜಾಡುಗಳನ್ನೇ ಹಿಡಿಯುವುದನ್ನೂ ಅವನು ಗಮನಿಸಿದ್ದನು. 1874ರಲ್ಲಿ ಅಲ್ಲಿ ಐವತ್ತಕ್ಕೂ ಮಿಕ್ಕ ಆನೆಗಳು ಒಮ್ಮೆಗೇ ಸೆರೆಸಿಕ್ಕಿದವು.

ಕಾಲಾನಂತರದಲ್ಲಿ, ಹೀಗೆ ಹಿಂಡನ್ನೇ ಅಟ್ಟಿ ದೊಡ್ಡಿಗೆ ಕೂಡುವ ಖೆಡ್ಡಾ ಕಾಕನಕೋಟೆಗೆ ಬಂದು ಕಪಿಲೆಯ, ಎಂದರೆ ಕಬಿನಿಯ, ದಂಡೆಯಲ್ಲಿ ತನ್ನ ಪೂರ್ಣರೂಪವನ್ನು ತಾಳಿತು. ಹಿಂಡಿನ ಸುಳಿವನ್ನು ತರುವವರು ಜೇನುಕುರುಬರು, ಬೆಟ್ಟಕುರುಬರು. ಮುರಿದ ಕೊಂಬೆಯಿಂದಲೂ ಲದ್ದಿಯ ಬಿಸಿಯಿಂದಲೂ ಹಿಂಡಿನ ಗಾತ್ರವನ್ನೂ ಅದು ಹೋಗಿ ಎಷ್ಟು ಹೊತ್ತಾಯಿತೆಂಬುದನ್ನೂ ಅವರು ಹೇಳಬಲ್ಲವರಾಗಿದ್ದರು. ಹಿಂಡು ಬೆದರಿ ಓಡದಂತೆ, ಆದರೆ ಹಿಂದಿರುಗಲೂ ಆಗದಂತೆ, ದಿನಗಟ್ಟಲೆ ಮೆಲ್ಲಮೆಲ್ಲನೆ ಹೊಳೆಯತ್ತ ಒತ್ತಿಕೊಂಡು ಬಂದು, ಕೊನೆಗೆ ಸುತ್ತಲೂ ಕಾವಲುಬೆಂಕಿ ಹಾಕಿ ನಿಲ್ಲಿಸುವರು. ನಿಶ್ಚಿತ ದಿನದಂದು ತಮಟೆ, ಕೊಂಬು, ಬರಿಬಾರಿನ ಬಂದೂಕುಗಳ ಶಬ್ದ ಹಿಂದಿನಿಂದ ಒಮ್ಮೆಲೇ ಏಳುವುದು. ಆಗ ಮುಂದಾಳು ಹೆಣ್ಣಾನೆಯು ತನ್ನ ಕುಲದ ವಿವೇಕ ಹೇಳಿಕೊಟ್ಟಂತೆಯೇ ನಡೆದು, ಸದ್ದಿಗೆ ಬೆನ್ನುಮಾಡಿ, ಮರಿಗಳನ್ನು ನಡುವಿಟ್ಟುಕೊಂಡು, ನೀರಿಗೆ ಇಳಿಯುವಳು. ಎಡಬಲಗಳಲ್ಲಿ ಕುಮ್ಕಿಗಳೆಂಬ ಪಳಗಿದ ಆನೆಗಳು ಸಾಲುಗಟ್ಟಿ ನಿಂತಿರಲು, ಹತ್ತಲು ತೆರವಿರುವುದು ಆಚೆಯ ದಡದ ಒಂದೇ ಒಂದು ಕಡೆ. ಆ ಏರುದಾರಿ ನೇರವಾಗಿ ಮರದ ದಿಮ್ಮಿಗಳ ದೊಡ್ಡಿಯೊಳಕ್ಕೆ. ಕಡೆಯ ಆನೆ ಒಳಹೊಕ್ಕೊಡನೆ ಹಗ್ಗ ಕಡಿಯುವರು, ಬಾಗಿಲು ಬೀಳುವುದು. ದೊಡ್ಡಿಯ ಒಳಸುತ್ತಿನಲ್ಲಿ ಕಂದಕ ತೋಡಿದರೆ ಸಾಕಿತ್ತು, ಏಕೆಂದರೆ ಆನೆಗೆ ನೆಗೆಯಲು ಬಾರದು.

ನೋಡುವವರಿಗೆ ಅದೊಂದು ಉತ್ಸವವೇ ಆಯಿತು. ದಂಡೆಯಲ್ಲಿ ಅಟ್ಟಣೆ ಕಟ್ಟಿಸಿ, ಮಹಾರಾಜರು ವೈಸ್‌ರಾಯರನ್ನೂ ವಿದೇಶದ ರಾಜಕುಮಾರರನ್ನೂ ಅತಿಥಿಗಳಾಗಿ ಕೂರಿಸುತ್ತಿದ್ದರು. ಆ ಅತಿಥಿಗಳ ಬರಹಗಳಲ್ಲಿ ಹೆಚ್ಚಾಗಿ ಕಾಣದಿರುವುದು ಮರುದಿನದ ಕೆಲಸ: ಕುಮ್ಕಿಗಳ ಮೇಲೆ ಕುಳಿತು ದೊಡ್ಡಿಯೊಳಗೆ ನುಗ್ಗಿ, ಕಾಡಾನೆಯ ಹಿಂಗಾಲುಗಳಿಗೆ ಹಗ್ಗ ಬಿಗಿಯಬೇಕಾದ ಮಾವುತ ಕಾವಾಡಿಗಳ ಪ್ರಾಣಾಪಾಯದ ಕೆಲಸ, ಆಮೇಲೆ ಹಗ್ಗದ ಹುಣ್ಣು, ತಾಯಿಮರಿಗಳ ಅಗಲಿಕೆ, ಸೆರೆಯಲ್ಲಿ ಸತ್ತ ಆನೆಗಳು. ಇದನ್ನು ಶೌರ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೌಶಲವೆನ್ನಲು ಅಡ್ಡಿಯಿಲ್ಲ, ಮತ್ತು ಆ ಕೌಶಲ ಅಟ್ಟಣೆಯ ಮೇಲಿದ್ದವರದಲ್ಲ. ಕಾರಾಪುರದ ಮಾವುತನೊಬ್ಬನ ಮಗ ಸಾಬು ಮಾತ್ರ ಜಗತ್ತಿನ ಕಣ್ಣಿಗೆ ಬಿದ್ದನು. ಮೈಸೂರಿನ ಕಾಡಿನಲ್ಲಿ ಚಿತ್ರಿತವಾಗಿ 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಅವನಿಗೆ ಹಾಲಿವುಡ್ಡಿನ ದಾರಿ ತೆರೆಯಿತು.

ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಹಿಂಡುಗಳು ದಾಟುತ್ತಿದ್ದ ಹೊಳೆಯ ಪಾತ್ರವೂ ದಂಡೆಯ ಕಾಡೂ ಹಿನ್ನೀರಿನಲ್ಲಿ ಮುಳುಗಿದವು. ಹಿಡಿಯುವ ಕೆಲಸ ಮಾತ್ರ ನಿಲ್ಲಲಿಲ್ಲ. ತೋಟಗದ್ದೆಗಳಿಗೆ ನುಗ್ಗುವ ಒಂಟಿಸಲಗವನ್ನು ಈಗ ಅರಿವಳಿಕೆಯ ಮದ್ದು ಹೊಡೆದು, ಅದೇ ಕುಮ್ಕಿಗಳ ನೆರವಿನಿಂದ ಕಟ್ಟಿ, ಕ್ರಾಲ್ ಎಂಬ ದಿಮ್ಮಿಗಳ ದೊಡ್ಡಿಯಲ್ಲಿ ಪಳಗಿಸುತ್ತಾರೆ; ಮಾವುತರಲ್ಲಿ ಅನೇಕರು ಆ ಕುರುಬರ ಮಕ್ಕಳು ಮೊಮ್ಮಕ್ಕಳೇ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಸಲಗ ಅರ್ಜುನನು 2012ರಿಂದ 2019ರವರೆಗೆ ಎಂಟು ಬಾರಿ ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತನು. ವಯಸ್ಸಿನ ಕಾರಣ ಆ ಸೇವೆಯಿಂದ ಬಿಡುಗಡೆಯಾದ ಮೇಲೂ ಕುಮ್ಕಿಯ ಕೆಲಸ ಅವನಿಗೆ ತಪ್ಪಲಿಲ್ಲ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಕಾಡಾನೆಯೊಂದನ್ನು ಹಿಡಿಯುವ ಕಾರ್ಯಾಚರಣೆಗೆ ಹೋದವನು, ಅಲ್ಲಿಯೇ ಒಂದು ಕಾಡುಸಲಗದೊಡನೆ ಕಾದಾಡಿ ಮಡಿದನು.