ಒತ್ತಡದ ಕರೆಯನ್ನು ಕೇಳುವವರಾರು?

ಆನೇಕಲ್ ತಾಲ್ಲೂಕಿನ ಜಿಗಣಿಯ ಹೆಸರನ್ನು ಬೆಂಗಳೂರು ಸುತ್ತಿನ ವಾಚಕರು ಬಲ್ಲರು. ಅಲ್ಲಿ ಕಲ್ಲು ಕೊಯ್ದು ನಯಮಾಡುವ ಕಾರ್ಖಾನೆಗಳಿವೆ. ಸಮೀಪದ ಪ್ರಶಾಂತಿ ಕುಟೀರದಲ್ಲಿ ಯೋಗಾಭ್ಯಾಸದಿಂದ ಮನಸ್ಸಿಗೂ ದೇಹಕ್ಕೂ ಆಗುವ ಪರಿಣಾಮವನ್ನು ಪರೀಕ್ಷಿಸುತ್ತಾರೆ. ಬೊಮ್ಮಸಂದ್ರದಿಂದ ಜಿಗಣಿಗೆ ಹೋಗುವ ಲಿಂಕ್ ರಸ್ತೆಯ ಮೇಲೆ ಬಯೋಕಾನ್ ಸಂಸ್ಥೆಯವರು ಪ್ರತಿಕಾಯಗಳನ್ನೇ ಔಷಧವಾಗಿ ತಯಾರಿಸುತ್ತಾರೆ. ಮನಸ್ಸಿನ ಒತ್ತಡಕ್ಕೂ ಪ್ರತಿಕಾಯಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಒತ್ತಡದ ಹಾರ್ಮೋನು ಮಿದುಳಿನ ಯಾವ ಕೋಶವನ್ನು ಮುಟ್ಟುತ್ತದೆಂದು ಕಂಡುಕೊಳ್ಳಲು ಪ್ರತಿಕಾಯವು ವಿಜ್ಞಾನಿಗಳಿಗೆ ಬಹಳವಾಗಿ ನೆರವಾಯಿತು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ.

1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಿಂದ ಹಾನ್ಸ್ ಸೆಲ್ಯೆ ಎಂಬ ವೈದ್ಯನು ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದನು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯಪಡಿಸಿದರೂ, ಮಿತಿಮೀರಿ ದಣಿಸಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ವಿಕಾರಗಳು ತೋರುತ್ತವೆ ಎಂಬುದು ಅದರ ಸಾರ. ಅದಕ್ಕೆ ಕಾರಣವಾದ ವ್ಯವಸ್ಥೆ ಕ್ರಮೇಣ ತಿಳಿಯಿತು. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಒಂದು ಹಾರ್ಮೋನನ್ನು ಕಳುಹಿಸುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿಯು ಎಚ್ಚೆತ್ತು ಇನ್ನೊಂದನ್ನು ರಕ್ತಕ್ಕೆ ಬಿಡುತ್ತದೆ. ಅದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿದಾಗ ಕಾರ್ಟಿಸಾಲ್ ಹೊರಡುತ್ತದೆ. ಈ ಕಾರ್ಟಿಸಾಲ್ ಮಿದುಳಿಗೂ ಪಿಟ್ಯುಟರಿಗೂ ಹಿಂದಿರುಗಿ, ‘ಇನ್ನು ಸಾಕು’ ಎಂದು ಹೇಳುತ್ತದೆ.

ಬಾನುಲಿ ನಿಲಯದಿಂದ ಕಾರ್ಯಕ್ರಮ ಹೊರಟ ಮಾತ್ರಕ್ಕೆ ಎಲ್ಲ ಮನೆಗಳಲ್ಲೂ ಅದು ಕೇಳಿಸದು. ಮನೆಯಲ್ಲಿ ರೇಡಿಯೋ ಪೆಟ್ಟಿಗೆ ಬೇಕು. ಅದನ್ನು ಸರಿಯಾದ ತರಂಗಕ್ಕೆ ತಿರುಗಿಸಿಯೂ ಇರಬೇಕು. ಹಾರ್ಮೋನು ರಕ್ತದ ಮೂಲಕ ದೇಹದ ಎಲ್ಲೆಡೆಗೂ ಹೋದರೂ, ಅದಕ್ಕೆ ಒಪ್ಪುವ ಗ್ರಾಹಕವುಳ್ಳ ಕೋಶ ಮಾತ್ರ ಅದರ ಮಾತನ್ನು ಕೇಳುತ್ತದೆ. 1968ರಲ್ಲಿ ಅಮೆರಿಕದ ಬ್ರೂಸ್ ಮೆಕ್‌ಈವನ್ ಮತ್ತು ಸಂಗಡಿಗರು ವಿಕಿರಣ ಸೂಸುವ ಹಾರ್ಮೋನನ್ನು ಇಲಿಗಳಿಗೆ ಚುಚ್ಚಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಭಾಗವು ಅದನ್ನು ವಿಶೇಷವಾಗಿ ಹಿಡಿದಿಟ್ಟುಕೊಳ್ಳುವುದೆಂದು ತೋರಿಸಿದರು. ಆದರೆ ಗ್ರಾಹಕವನ್ನೇ ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಇಲ್ಲಿ ಪ್ರತಿಕಾಯವು ನೆರವಿಗೆ ಬಂದಿತು. ಹೊರಗಿನ ವಸ್ತುವೊಂದು ದೇಹವನ್ನು ಹೊಕ್ಕಾಗ, ಅದನ್ನು ಗುರುತುಹಿಡಿದು ಅಂಟಿಕೊಳ್ಳಲು ರಕ್ತದಲ್ಲಿ ಹುಟ್ಟುವ ಪ್ರೋಟೀನಿಗೆ ಪ್ರತಿಕಾಯವೆಂದು ಹೆಸರು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಇದಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ, ಅದು ಅಂಟಿದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಮಾಡಿದನು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದರು. 1985ರಲ್ಲಿ ಸ್ವೀಡನ್ನಿನ ಫುಕ್ಸೆ, ಗುಸ್ಟಾಫ್‌ಸನ್ ಮೊದಲಾದವರು ಇಲಿಯ ಯಕೃತ್ತಿನಿಂದ ತೆಗೆದ ಗ್ರಾಹಕಕ್ಕೆ ಇಂತಹ ಪ್ರತಿಕಾಯವನ್ನು ಮಾಡಿ, ಅದರಿಂದ ಇಲಿಯ ಮಿದುಳಿನ ನಕ್ಷೆಯನ್ನೇ ಬರೆದರು.

ಇಂತಹ ಕೆಲಸಕ್ಕೆ ನಮ್ಮ ಬೆಂಗಳೂರೂ ಹೊಸದಲ್ಲ. ಎನ್. ಆರ್. ಮೌದ್ಗಲ್ ಅವರು 1961ರಲ್ಲಿ ಚೋ ಹಾವ್ ಲೀ ಅವರೊಡನೆ ಪಿಟ್ಯುಟರಿಯ ಹಾರ್ಮೋನೊಂದಕ್ಕೆ ಪ್ರತಿಕಾಯ ಮಾಡಿ ನಡೆಸಿದ ಸಂಶೋಧನೆಯನ್ನು ಪ್ರಕಟಿಸಿದ್ದರು. ಒತ್ತಡದ ಕಾಲದಲ್ಲಿ ಪಿಟ್ಯುಟರಿ ಬಿಡುವ ಹಾರ್ಮೋನನ್ನು 1943ರಲ್ಲಿ ಬೇರ್ಪಡಿಸಿದವರಲ್ಲಿ ಈ ಲೀ ಅವರೂ ಒಬ್ಬರು. ಮುಂದೆ ಮೌದ್ಗಲ್ಲರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ಮಾರ್ಗವನ್ನೇ ಬೆಳೆಸಿ, ಪ್ರತಿಕಾಯದಿಂದ ಹಾರ್ಮೋನಿನ ಬಾಯಿ ಕಟ್ಟಿ, ಗರ್ಭ ನಿಲ್ಲುವುದಕ್ಕೆ ಅದೆಷ್ಟು ಅಗತ್ಯವೆಂದು ಇಲಿಗಳಲ್ಲಿ ತೋರಿಸಿದರು. ಒತ್ತಡದ ವಿಷಯದಲ್ಲಿಯೂ ಇಲ್ಲಿ ದೊಡ್ಡ ಕೆಲಸ ನಡೆದಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ ನೋಡಿದರು. ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು; ಭಯಕ್ಕೆ ನೆಲೆಯಾದ ಅಮಿಗ್ಡಾಲದಲ್ಲಿ ಅವು ಬೆಳೆದಿದ್ದವು. 2002ರಲ್ಲಿ ಪ್ರಕಟವಾದ ಈ ಫಲಿತಾಂಶವು, ಒಂದೇ ಕರೆಯನ್ನು ಎರಡು ನೆರೆಮನೆಗಳು ಎರಡು ಬಗೆಯಾಗಿ ಕೇಳಬಲ್ಲವೆಂಬುದನ್ನು ಸ್ಪಷ್ಟಪಡಿಸಿತು. ಆದಕಾರಣ ರಕ್ತದಲ್ಲಿ ಹಾರ್ಮೋನು ಎಷ್ಟಿದೆಯೆಂದು ಅಳೆದರೆ ಸಾಲದು. ಎಲ್ಲಿ, ಯಾವ ಗ್ರಾಹಕವಿದೆಯೆಂದೂ ತಿಳಿಯಬೇಕು.

ಹೀಗೆ ಪ್ರತಿಕಾಯದ ಸಾಕ್ಷ್ಯಕ್ಕೆ ಬೆಲೆ ಬಂದಿತು. ಆದರೆ ಸಾಕ್ಷಿ ನಂಬಿಕೆಗೆ ಯೋಗ್ಯವೇ? ಹೈಪೊಥಲಾಮಸ್ಸಿನ ಹಾರ್ಮೋನನ್ನು 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಗುರುತಿಸಿದ್ದರು. ಪಿಟ್ಯುಟರಿಯಲ್ಲಿ ಅದನ್ನು ಕೇಳುವ ಗ್ರಾಹಕ ಹುಟ್ಟಿನಿಂದಲೇ ಇಲ್ಲದಂತಹ ಚಿಟ್ಟಿಲಿಗಳನ್ನು 1998ರಲ್ಲಿ ವಿಜ್ಞಾನಿಗಳು ಪಡೆದರು. ಆ ಚಿಟ್ಟಿಲಿಯ ಮಿದುಳಿನಲ್ಲಿಯೂ ಪ್ರತಿಕಾಯವು ಬಣ್ಣ ತೋರಿಸಿದರೆ, ಅದು ಇಲ್ಲದ್ದನ್ನು ಇದೆಯೆಂದು ಹೇಳಿದಂತಾಯಿತಲ್ಲವೆ? ಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳಿಗೆಂದು ಮಾರಾಟವಾಗುತ್ತಿದ್ದ ಎಷ್ಟೋ ಪ್ರತಿಕಾಯಗಳು ಇಂತಹ ಪರೀಕ್ಷೆಯಲ್ಲಿ ಸೋತಿವೆ.

ಇದು ಪ್ರಯೋಗಶಾಲೆಯವರ ತಕರಾರು ಮಾತ್ರವೆಂದು ಎಣಿಸಬೇಡಿ. ಖಿನ್ನತೆಗೂ ನಿದ್ದೆಗೇಡಿಗೂ ಹೊಸ ಔಷಧವನ್ನು ಹುಡುಕುವವರು ಇಂತಹ ನಕ್ಷೆಗಳನ್ನು ನಂಬಿಯೇ ಹೊರಡುತ್ತಾರೆ. ವಿಳಾಸ ತಪ್ಪಿದ್ದರೆ ವರ್ಷಗಳ ಶ್ರಮವೂ ರೋಗಿಯ ಭರವಸೆಯೂ ವ್ಯರ್ಥ. ಕೋಶವು ಹೊಳೆಯಿತೆಂದೊಡನೆ ಗ್ರಾಹಕ ಸಿಕ್ಕಿತೆನ್ನದೆ, ಗ್ರಾಹಕವಿಲ್ಲದ ಕಡೆ ಅದು ಹೊಳೆಯದಿರುವುದನ್ನೂ ನೋಡಿ ನಿರ್ಣಯಿಸುವುದು ಈ ಚರಿತ್ರೆಯಿಂದ ಕಲಿಯಬೇಕಾದ ಪಾಠ.