ಶಾಸನದ ಕೊನೆಯ ಸಾಲುಗಳು ಮೊದಲು ಅಳಿಯುವುದೇಕೆ?

ಶಾಸನ ಓದೋದನ್ನ ಕಲಿಯುತ್ತಿದ್ದ ಹೊಸದರಲ್ಲಿ ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಹಳ್ಳಿಯೊಂದರ ಕೆರೆ ಏರಿಯ ಪಕ್ಕ ಕಣಶಿಲೆಯ ದಾನಶಾಸನ ನಿಂತಿತ್ತು. ಕೊನೆಯ ಸಾಲುಗಳ ಮೇಲೆ ಕಲ್ಲುಹೂವು ದಟ್ಟವಾಗಿ ಹಬ್ಬಿತ್ತು. ಅದು ಶಾಪಾಶಯದ ಭಾಗ, 'ಇದನ್ನು ಅಳಿದವನು' ಎಂಬ ಮಾತು ಬರಬೇಕಾದ ಜಾಗ. ಅಲ್ಲಿರೋದು ೞಕಾರವೋ ಳಕಾರವೋ ಅನ್ನೋದು ನನಗೆ ಬೇಕಿತ್ತು. ಸುಮಾರು 10ನೇ ಶತಮಾನದಿಂದೀಚೆಗೆ ೞ ಇರಬೇಕಾದ ಕಡೆ ಳ ಬರುವುದು ಹೆಚ್ಚುತ್ತಾ ಹೋಗುತ್ತದೆ. ಹಾಗಾಗಿ ಕಾಲ ನಮೂದಿಸದ ಶಾಸನಕ್ಕೆ ಅಂಥ ಒಂದು ಅಕ್ಷರವೂ ಆಧಾರವೇ.

ತಂತಿ ಬ್ರಷ್ ತಗೊಂಡು ಉಜ್ಜಿದೆ. ಕಲ್ಲುಹೂವಿನ ಜೊತೆಗೆ ಒಂದು ತೆಳು ಚಕ್ಕೆಯೂ ಎದ್ದು ಬಂತು. ಅಕ್ಷರ ಅದರ ಮೇಲಿತ್ತು. ಕೈಯಲ್ಲೇ ಪುಡಿಯಾಯ್ತು. ಅದಕ್ಕೂ ಮೊದಲು ಒಂದು ಫೋಟೋ ಕೂಡ ತೆಗೆದಿರಲಿಲ್ಲ.

ಕಣಶಿಲೆ ಇಷ್ಟು ಸುಲಭವಾಗಿ ಪುಡಿಯಾಗುತ್ತಾ? ಎಂಜಿನಿಯರ್ ಆದ ನನಗೆ ಈ ಪ್ರಶ್ನೆ ಬಹಳ ದಿನ ಕಾಡಿತು.

ಶಿಲೆಗಳ ಭೌತಿಕ ಶಿಥಿಲೀಕರಣ ಅಂದ ತಕ್ಷಣ ಶಾಲೆಯ ಪುಸ್ತಕಗಳು ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಬಂಡೆ ಸೀಳುವುದನ್ನು ಹೇಳುತ್ತವೆ. ನಮ್ಮ ಬಯಲುಸೀಮೆಯಲ್ಲಿ ಹಿಮವೆಲ್ಲಿ ಬಂತು? ಇಲ್ಲಿ ಕೆಲಸ ಮಾಡೋದು ಬಿಸಿಲು, ಮಳೆ ಮತ್ತು ಉಪ್ಪು. ಕಣಶಿಲೆಯ ಒಂದೊಂದು ಖನಿಜವೂ ಕಾದಾಗ ಹಿಗ್ಗುವ ಪ್ರಮಾಣ ಬೇರೆ ಬೇರೆ. ಸಾವಿರ ವರ್ಷ ಹಗಲು ಕಾದು ರಾತ್ರಿ ತಣಿದರೆ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದ ನಮ್ಮ ಕಲ್ಲುಕುಟಿಗರಿಗೆ ಶಾಖದ ಈ ಗುಣ ಚೆನ್ನಾಗಿ ಗೊತ್ತಿತ್ತು.

ರಾಸಾಯನಿಕ ಶಿಥಿಲೀಕರಣ ಇನ್ನೂ ಸದ್ದಿಲ್ಲದ್ದು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಕಣಶಿಲೆಯ ಫೆಲ್ಡ್‌ಸ್ಪಾರ್‌ನಿಂದ ಪೊಟ್ಯಾಸಿಯಂ, ಸೋಡಿಯಂಗಳನ್ನು ತೊಳೆದು ಒಯ್ಯುತ್ತದೆ, ಉಳಿಯೋದು ಜೇಡಿಮಣ್ಣು. ಕಪ್ಪು ಅಭ್ರಕದ ಕಬ್ಬಿಣ ತುಕ್ಕು ಹಿಡಿದು ಕಂದು ಕಲೆಯಾಗುತ್ತದೆ. ಕ್ವಾರ್ಟ್ಸ್ ಮಾತ್ರ ಜಗ್ಗುವುದಿಲ್ಲ, ಆದರೆ ಸುತ್ತಲಿನದು ಮಣ್ಣಾದ ಮೇಲೆ ಅದೂ ಮರಳಾಗಿ ಉದುರುತ್ತದೆ. ಕಲ್ಲುಹೂವು ತನ್ನ ಎಳೆಗಳನ್ನು ಕಣಗಳ ನಡುವೆ ಇಳಿಸಿ ಆಮ್ಲವನ್ನೂ ಸ್ರವಿಸುತ್ತದೆ. ನಾನು ಉಜ್ಜಿದಾಗ ಬಂದದ್ದು ಹಾಗೆ ಒಳಗೊಳಗೇ ಸತ್ತಿದ್ದ ಕಲ್ಲು. ಮೇಲಿನ ಕಲ್ಲುಹೂವೇ ಅದನ್ನು ಹಿಡಿದಿಟ್ಟಿತ್ತು.

ಗಟ್ಟಿ ಕಲ್ಲು ಹೆಚ್ಚು ಬಾಳುತ್ತೆ ಅನ್ನೋ ನಂಬಿಕೆಯೂ ಪೂರ್ತಿ ನಿಜವಲ್ಲ. ಹೊಯ್ಸಳರ ಬಳಪದ ಕಲ್ಲನ್ನು ಮೊಳೆಯಿಂದ ಗೀಚಬಹುದು. ಆದರೂ ಬೇಲೂರು, ಹಳೇಬೀಡಿನ ಎಷ್ಟೋ ಫಲಕಗಳ ಅಕ್ಷರಗಳು ಇವತ್ತಿಗೂ ಚೂಪಾಗಿವೆ. ಆ ಕಲ್ಲು ನೀರು ಕುಡಿಯೋದು ಕಡಿಮೆ. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ ಬಾದಾಮಿಯ ಮರಳುಗಲ್ಲಿನ ಬಂಡೆಯ ಮೇಲಿದೆ. ನಿಂತ ಬಂಡೆಯಾದ್ದರಿಂದ ನೀರು ನಿಲ್ಲೋದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹಾಸುಬಂಡೆಯ ಮೇಲೇ ಬರೆದ ನಿಸಿದಿ ಶಾಸನಗಳ ಪಾಡು ಬೇರೆ. ಅಲ್ಲಿ ನೀರೂ ನಿಲ್ಲುತ್ತದೆ, ಕಾಲೂ ಸವೆಸುತ್ತದೆ. 1889ರಲ್ಲಿ ಬಿ. ಎಲ್. ರೈಸ್, 1923ರಲ್ಲಿ ಆರ್. ನರಸಿಂಹಾಚಾರ್ ಪ್ರಕಟಿಸಿದ ಪಾಠಗಳು ನಮಗೆ ಎಷ್ಟು ಮುಖ್ಯ ಅನ್ನೋದು ಅಲ್ಲಿ ನಿಂತಾಗಲೇ ಅರ್ಥವಾಗುತ್ತೆ.

ಈಗ ತಲೆಬರಹದ ಪ್ರಶ್ನೆಗೆ ಬರೋಣ. ನೆಟ್ಟ ಕಲ್ಲು ಬುಡದಿಂದ ನೆಲದ ತೇವ ಹೀರುತ್ತದೆ. ತೇವ ಮೇಲೇರಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಆರುತ್ತದೆ. ಅದರಲ್ಲಿದ್ದ ಉಪ್ಪು ಅಲ್ಲೇ ಹರಳುಗಟ್ಟಿ, ರಂಧ್ರಗಳನ್ನು ಒಳಗಿನಿಂದ ಒತ್ತಿ ಚಕ್ಕೆ ಎಬ್ಬಿಸುತ್ತದೆ. ಅಂದರೆ ಸವೆತ ಎಲ್ಲ ಕಡೆ ಒಂದೇ ಸಮ ಅಲ್ಲ. ಮೇಲಿನ ಸಾಲುಗಳಲ್ಲಿ ರಾಜನ ಬಿರುದಾವಳಿ ಇರುತ್ತದೆ. ಅದು ಹೋದರೂ ಬೇರೆ ಶಾಸನಗಳಿಂದ ತುಂಬಿಕೊಳ್ಳಬಹುದು. ಕೆಳಗಿನ ಸಾಲುಗಳಲ್ಲಿ ಗದ್ದೆಯ ಎಲ್ಲೆ, ಸಾಕ್ಷಿ ನಿಂತ ಊರವರು, ಬರೆದವನು, ಕೊರೆದ ರೂವಾರಿ. ಆ ಹೆಸರುಗಳು ಬೇರೆಲ್ಲೂ ಸಿಗೋದಿಲ್ಲ. ಉಪ್ಪು ತಿನ್ನುವುದು ಮೊದಲು ಅವರನ್ನೇ.

ಇದಕ್ಕೆ ನಾವೂ ಕೈಜೋಡಿಸ್ತೀವಿ. ಒಳ್ಳೆ ಮನಸ್ಸಿನಿಂದಲೇ ಶಾಸನದ ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ತೀವಿ. ಸಿಮೆಂಟಿನಲ್ಲಿ ಕರಗುವ ಲವಣಗಳಿರುತ್ತವೆ. ಕಟ್ಟೆ ತೇವ ಆರುವ ದಾರಿಯನ್ನೂ ಮುಚ್ಚುತ್ತದೆ. ಉಪ್ಪಿನ ಗೆರೆ ಇನ್ನಷ್ಟು ಮೇಲೇರುತ್ತದೆ. ಇನ್ನು ಆಸಿಡ್‌ನಲ್ಲಿ ತೊಳೆಯೋದು, ಬಣ್ಣ ಬಳಿಯೋದು, ಅಕ್ಷರ ಕಾಣಲಿ ಅಂತ ಮೈದಾ ಬಳಿಯೋದು ಎಲ್ಲವೂ ಬೇಡ.

ಶಾಸನ ಕಂಡರೆ ಮುಟ್ಟುವ ಮೊದಲು ಫೋಟೋ ತೆಗೀರಿ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ, ಹಗಲು ಕಾಣದ ಅಕ್ಷರಗಳೂ ನೆರಳಿನಲ್ಲಿ ಏಳುತ್ತವೆ. ಧೂಳಿದ್ದರೆ ಮೆತ್ತನೆ ಬ್ರಷ್, ಬರೀ ನೀರು ಸಾಕು. ತಟ್ಟಿದಾಗ ಟೊಳ್ಳು ಸದ್ದು ಬರುವ ಕಡೆ ಅದೂ ಬೇಡ, ಪಡಿಯಚ್ಚನ್ನೂ ತೆಗೆಯಬೇಡಿ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಸುತ್ತ ಮಾಡುತ್ತಿರುವಂಥ ತ್ರೀಡಿ ಸ್ಕ್ಯಾನ್ ಅಂಥ ಕಲ್ಲುಗಳಿಗೆ ಸರಿ.

ಕೆರೆ ಏರಿಯ ಆ ಶಾಸನದ ನನ್ನ ಪಾಠದಲ್ಲಿ, ಹೋದ ಅಕ್ಷರದ ಜಾಗದಲ್ಲಿ ರೂಢಿಯಂತೆ ಚುಕ್ಕೆಗಳನ್ನು ಇಟ್ಟಿದ್ದೇನೆ. ಓದಿದವರು ಮಳೆ ಬಿಸಿಲಿಗೆ ಹೋಯ್ತು ಅಂದ್ಕೋತಾರೆ. ಅಲ್ಲ, ಅದನ್ನು ಅಳಿದವನು ನಾನು.