ಜಡೆ, ಮೆಣಸಿನಕಾಯಿ, ತೊಲೆ: ಚೀನಾದ 'ಸಂಪ್ರದಾಯ' ಉಳಿದಿದ್ದು ಎಲ್ಲಿ?

ಇವತ್ತಿನ ಸಂಚಿಕೆಯಲ್ಲಿ ಚೀನಾಗೆ ಹೋಗೋಣ. ಗಡಿ ಗಲಾಟೆ, ಮೊಬೈಲ್ ಕಂಪನಿ, ಷೇರು ಮಾರ್ಕೆಟ್ ಯಾವುದೂ ಬೇಡ. ಮೂರೇ ಮೂರು ವಸ್ತು ಹಿಡ್ಕೊಂಡು ಹೊರಡೋಣ: ಒಂದು ಜಡೆ, ಒಂದು ಮೆಣಸಿನಕಾಯಿ, ಒಂದು ಮರದ ತೊಲೆ. ಅಂದ್ರೆ ಉಡುಪು, ಊಟ, ಕಟ್ಟಡ.

ಚೀನಾ ಅಂದ ತಕ್ಷಣ ಸಾವಿರಾರು ವರ್ಷದಿಂದ ಬದಲಾಗದ ಸಂಸ್ಕೃತಿ ಅಂತ ಹೇಳೋದನ್ನ ಕೇಳಿರ್ತೀರಿ. ಬಿ.ಕಾಂ. ಓದಿದವನಿಗೆ ಯಾರು ಏನು ಹೇಳಿದ್ರೂ ಲೆಕ್ಕ ಕೇಳೋ ಚಟ ಇರುತ್ತೆ. ನನ್ನ ಪ್ರಶ್ನೆ ಇಷ್ಟೇ: ಆ ಸಂಪ್ರದಾಯವನ್ನ ಬದಲಾಯಿಸಿದ್ದು ಯಾರು, ಉಳಿಸಿದ್ದು ಯಾರು?

ಮೊದಲನೇದು, ಜಡೆ

1644ರಲ್ಲಿ ಮಿಂಗ್ ರಾಜವಂಶ ಕುಸಿಯಿತು. ಈಶಾನ್ಯದಿಂದ ಬಂದ ಮಂಚು ಜನ ಬೀಜಿಂಗ್‌ ಹಿಡಿದ್ರು. ಅವರದ್ದೇ ಚಿಂಗ್ ರಾಜವಂಶ. ಅಲ್ಲಿಯವರೆಗೆ ಹಾನ್ ಚೀನಿ ಗಂಡಸರು ಕೂದಲು ಉದ್ದ ಬಿಟ್ಟು ನೆತ್ತಿ ಮೇಲೆ ಗಂಟು ಹಾಕ್ತಿದ್ರು. ದೇಹ, ಕೂದಲು ಎಲ್ಲಾ ಅಪ್ಪ-ಅಮ್ಮ ಕೊಟ್ಟಿದ್ದು, ಅದಕ್ಕೆ ಹಾನಿ ಮಾಡಬಾರದು ಅನ್ನೋದು ಕನ್‌ಫ್ಯೂಷಿಯಸ್ ಪರಂಪರೆಯ ನಂಬಿಕೆ. ಉಡುಪೂ ಹಾಗೇ: ಅಗಲ ತೋಳು, ಎದೆ ಮೇಲೆ ಎಡ ಅಂಚು ಬಲ ಅಂಚಿನ ಮೇಲೆ ಬಂದು ಬಲಗಡೆ ಕಟ್ಟೋ ನಿಲುವಂಗಿ.

1645ರಲ್ಲಿ ಹುಕುಂ ಬಂತು. ಗಂಡಸರೆಲ್ಲಾ ಮುಂದಲೆ ಬೋಳಿಸಿ, ಹಿಂದೆ ಮಂಚು ಥರ ಜಡೆ ಬಿಡಬೇಕು. ಗಡುವು ಹತ್ತು ದಿನ. ಒಪ್ಪದಿದ್ರೆ ಮರಣದಂಡನೆ. ಯಾಂಗ್‌ಟ್ಸೆ ನದಿ ಹತ್ತಿರದ ಜಿಯಾಂಗ್‌ಯಿನ್ ಅನ್ನೋ ಊರು ಒಪ್ಪಲಿಲ್ಲ. 81 ದಿನ ಬಾಗಿಲು ಮುಚ್ಚಿ ಕಾದಾಡಿತು. ಕೊನೆಗೆ ಊರು ಬಿತ್ತು, ಕಗ್ಗೊಲೆ ಆಯ್ತು.

ಇಲ್ಲಿಂದ ಸೀದಾ 1912ಕ್ಕೆ ಬನ್ನಿ. ಚಿಂಗ್ ಆಳ್ವಿಕೆ ಮುಗೀತು, ಗಣರಾಜ್ಯ ಬಂತು, ಹೊಸ ಸರ್ಕಾರ ಜಡೆ ಕತ್ತರಿಸಿ ಅಂತು. ಆಗ ಏನಾಯ್ತು ಗೊತ್ತಾ? ಎಷ್ಟೋ ಜನ, ಅದರಲ್ಲೂ ಹಳ್ಳಿಗಳಲ್ಲಿ, ಕತ್ತರಿಸೋಕೆ ಒಪ್ಪಲೇ ಇಲ್ಲ. ಮುತ್ತಾತಂದಿರು ಯಾವ ಜಡೆ ಬೇಡ ಅಂತ ಪ್ರಾಣ ಬಿಟ್ರೋ, ಮರಿಮಕ್ಕಳು ಅದೇ ಜಡೆ ಹಿಡ್ಕೊಂಡು ಇದು ನಮ್ಮದು ಅಂದ್ರು. ಹೇರಿದ್ದು ಸಂಪ್ರದಾಯ ಆಗೋಕೆ ಇನ್ನೂರ ಅರವತ್ತು ಚಿಲ್ಲರೆ ವರ್ಷ ಸಾಕಾಯ್ತು.

ಹಾಗಾದ್ರೆ ಮಿಂಗ್ ಕಾಲದ ಉಡುಪು ಪೂರ್ತಿ ಅಳಿಸಿ ಹೋಯ್ತಾ? ಇಲ್ಲ. ಹುಕುಂ ಇದ್ದಿದ್ದು ಮುಖ್ಯವಾಗಿ ಗಂಡಸರ ಮೇಲೆ. ಹಾನ್ ಹೆಂಗಸರು ಹಳೇ ಥರದ ಮೇಲಂಗಿ, ನೆರಿಗೆಯ ಲಂಗ ಹಾಕ್ತಾನೇ ಇದ್ರು. ದಾವೊ ಪಂಥದ ಅರ್ಚಕರು ಹಳೇ ನಿಲುವಂಗಿ ಬಿಡಲಿಲ್ಲ. ನಾಟಕದ ರಂಗದ ಮೇಲೆ ಮಿಂಗ್ ಶೈಲಿಯ ವೇಷ ಉಳೀತು. ಅಧಿಕಾರಕ್ಕೆ 'ಇವರು ಲೆಕ್ಕಕ್ಕಿಲ್ಲ' ಅನ್ನಿಸಿದ ಕಡೆ ಉಡುಪು ಬದುಕಿತು.

2003ರಲ್ಲಿ ಝೆಂಗ್‌ಝೌ ನಗರದ ರಸ್ತೆಯಲ್ಲಿ ಒಬ್ಬ ಯುವಕ ಹಳೇ ಶೈಲಿಯ ನಿಲುವಂಗಿ ಹಾಕ್ಕೊಂಡು ನಡೆದ. ಅದು ಸುದ್ದಿಯಾಯ್ತು. ಇಂದಿನ 'ಹಾನ್‌ಫು' ಅಲೆಗೆ ಅದನ್ನ ಆರಂಭ ಅಂತಾರೆ. ಈಗ ಶಾಂಡಾಂಗ್ ಪ್ರಾಂತ್ಯದ ಚಾವೊ ಅನ್ನೋ ತಾಲ್ಲೂಕಿನಂಥ ಜಾಗದಲ್ಲಿ ಹಾನ್‌ಫು ಹೊಲಿದು ಆನ್‌ಲೈನಲ್ಲಿ ಮಾರೋದೇ ದೊಡ್ಡ ವ್ಯಾಪಾರ. 2022ರಲ್ಲಿ ಡಿಯೋರ್ ಕಂಪನಿಯ ಒಂದು ಲಂಗ ನಮ್ಮ 'ಮಾಮಿಯಾನ್' ಲಂಗದ ನಕಲು ಅಂತ ಚೀನಿ ವಿದ್ಯಾರ್ಥಿಗಳು ಪ್ಯಾರಿಸ್‌ನಲ್ಲಿ ಪ್ರತಿಭಟನೆ ಮಾಡಿದ್ರು. ಆ ಲಂಗ ಯಾವುದು? ಮಿಂಗ್ ಕಾಲದ್ದು, ಚಿಂಗ್ ಕಾಲದಲ್ಲೂ ಹೆಂಗಸರು ಬಿಡದೇ ಉಟ್ಟಿದ್ದು.

ಎರಡನೇದು, ಮೆಣಸಿನಕಾಯಿ

ಸಿಚುವಾನ್ ಊಟ ಅಂದ್ರೆ ನಿಮಗೆ ನೆನಪಾಗೋದು ಕೆಂಪು ಎಣ್ಣೆ, ಒಣಮೆಣಸಿನಕಾಯಿ. ಆದ್ರೆ ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಕೊಲಂಬಸ್ ನಂತರವೇ ಅದು ಸಮುದ್ರ ದಾಟಿದ್ದು. ಚೀನಾದಲ್ಲಿ ಅದರ ಮೊದಲ ಬರಹದ ದಾಖಲೆ 1591ರದ್ದು. ಗಾವೊ ಲಿಯಾನ್ ಅನ್ನೋ ಲೇಖಕ ಅದನ್ನ ನೋಡೋಕೆ ಚೆಂದದ ಗಿಡ ಅಂತ ಬರೀತಾನೆ. ಬಿಳಿ ಹೂವು, ಕೆಂಪು ಕಾಯಿ. ಅಂದ್ರೆ ಅಡುಗೆಮನೆಗೆ ಬರೋ ಮುಂಚೆ ಅದು ಕುಂಡದಲ್ಲಿತ್ತು!

ಅದನ್ನ ತಟ್ಟೆಗೆ ತಂದಿದ್ದು ಅರಮನೆಯ ಬಾಣಸಿಗರಲ್ಲ. ನೈಋತ್ಯದ ಗುಯಿಝೌ ಬೆಟ್ಟದ ಪ್ರಾಂತ್ಯ. ಅಲ್ಲಿ ಉಪ್ಪು ಸಿಗ್ತಿರಲಿಲ್ಲ, ಹೊರಗಿಂದ ಬರೋ ಉಪ್ಪು ದುಬಾರಿ. 18ನೇ ಶತಮಾನದ ಆರಂಭದ ಅಲ್ಲಿನ ಸ್ಥಳೀಯ ದಾಖಲೆಯಲ್ಲಿ, ಜನ ಉಪ್ಪಿನ ಬದಲು ಮೆಣಸಿನಕಾಯಿ ಬಳಸ್ತಾರೆ ಅಂತ ಬರೆದಿದೆ. ಸಪ್ಪೆ ಊಟ ಗಂಟಲಲ್ಲಿ ಇಳೀಬೇಕಲ್ಲ! ಅಲ್ಲಿಂದ ಹುನಾನ್, ಸಿಚುವಾನ್ ಕಡೆ ಹಬ್ಬಿತು. ಇವತ್ತು ಜಗತ್ತೆಲ್ಲಾ 'ಸಾಂಪ್ರದಾಯಿಕ ಸಿಚುವಾನ್ ಖಾರ' ಅಂತ ದುಡ್ಡು ಕೊಟ್ಟು ತಿನ್ನೋದರ ಹಿಂದೆ ಉಪ್ಪು ಕೊಳ್ಳೋಕೆ ಆಗದ ಮನೆಗಳಿವೆ.

ಹೆಸರಲ್ಲೂ ಒಂದು ಮಜಾ ಇದೆ. ಚೀನಿಯರು ಮೊದಲು ಇದನ್ನ 'ಫಾನ್‌ಜಿಯಾವೊ' ಅಂದ್ರು. ಜಿಯಾವೊ ಅಂದ್ರೆ ಅವರ ಹಳೇ ಸಿಚುವಾನ್ ಕಾಳು, ಫಾನ್ ಅಂದ್ರೆ ಪರದೇಶದ್ದು. ನಮ್ಮ ಕನ್ನಡದಲ್ಲೂ ಮೊದಲು ಇದ್ದಿದ್ದು ಕರಿಮೆಣಸು. ಪೋರ್ಚುಗೀಸರ ಕಾಲದಲ್ಲಿ ಹೊಸ ಕಾಯಿ ಬಂದಾಗ ಅದೇ ಹೆಸರಿಗೆ ಜೋಡಿಸಿ 'ಮೆಣಸಿನಕಾಯಿ' ಅಂದ್ವಿ. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಹಡಗು ಹತ್ತಿ ಬಂದವರೇ.

ಮೂರನೇದು, ತೊಲೆ

ಚೀನಾದ ಹಳೇ ಕಟ್ಟಡಗಳು ಬಹುಪಾಲು ಮರದ್ದು. ಬೆಂಕಿ, ಯುದ್ಧ, ಗೆದ್ದಲು ದಾಟಿ ಉಳಿಯೋದು ಕಷ್ಟ. ಟಾಂಗ್ ರಾಜವಂಶದ ಕಾಲದ, ಅಂದ್ರೆ 907ಕ್ಕಿಂತ ಮುಂಚಿನ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದ್ರೆ ಜಪಾನಿಗೆ ಬನ್ನಿ ಅಂತ ಜಪಾನಿ ವಿದ್ವಾಂಸರು ಹೇಳ್ತಿದ್ರು. ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್ ದಂಪತಿಗೆ ಅದು ಚುಚ್ಚಿತು.

ಲಿನ್ ಬಗ್ಗೆ ಎರಡು ಮಾತು. 1924ರಲ್ಲಿ ಟ್ಯಾಗೋರ್ ಚೀನಾಗೆ ಹೋದಾಗ, ಅವರ ಹುಟ್ಟುಹಬ್ಬಕ್ಕೆ ಆಡಿದ 'ಚಿತ್ರಾ' ನಾಟಕದ ನಾಯಕಿ ಈಕೆ. ಅದೇ ವರ್ಷ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದ್ರೆ, ಹೆಣ್ಣು ಅನ್ನೋ ಕಾರಣಕ್ಕೆ ವಾಸ್ತುಶಿಲ್ಪ ವಿಭಾಗದಲ್ಲಿ ಸೀಟು ಕೊಡಲಿಲ್ಲ. ಲಲಿತಕಲೆ ವಿಭಾಗಕ್ಕೆ ಸೇರಿ, ವಾಸ್ತುಶಿಲ್ಪದ ಪಾಠ ಕಲಿತಳು. ಆ ಪದವಿಯನ್ನ ವಿಶ್ವವಿದ್ಯಾಲಯ ಕೊಟ್ಟಿದ್ದು 2024ರಲ್ಲಿ, ಅವಳು ತೀರಿಕೊಂಡು 69 ವರ್ಷ ಆದ್ಮೇಲೆ.

1103ರಲ್ಲಿ ಪ್ರಕಟವಾದ 'ಯಿಂಗ್‌ಝಾವೊ ಫಾಶಿ' ಅನ್ನೋ ಕಟ್ಟಡ ನಿಯಮಗಳ ಗ್ರಂಥವೂ ದಂಪತಿಗೆ ದಾರಿ ತೋರಿಸಿತು. ಬರೆದವನು ಲಿ ಜಿಯೆ, ಸರ್ಕಾರಿ ಅಧಿಕಾರಿ. ಯಾವ ಕಟ್ಟಡಕ್ಕೆ ಎಷ್ಟು ದಪ್ಪದ ಮರ, ಎಷ್ಟು ಕೂಲಿ ದಿನ ಅನ್ನೋದೆಲ್ಲಾ ಅದರಲ್ಲಿದೆ. ಒಂದು ರೀತಿಯಲ್ಲಿ ಇದು ಎಸ್ಟಿಮೇಟ್ ಪುಸ್ತಕ! ಕಂಬ ಮತ್ತು ಸೂರಿನ ನಡುವೆ ಭಾರ ಹೊರೋ ಮರದ ಬೋದಿಗೆಗಳ ಅಳತೆ ನೋಡಿದ್ರೆ ಕಟ್ಟಡದ ವಯಸ್ಸು ಅಂದಾಜು ಮಾಡಬಹುದು. ಕಾಲ ಇಳಿದಂತೆ ಬೋದಿಗೆ ಚಿಕ್ಕದಾಗ್ತಾ ಹೋಗುತ್ತೆ.

ಡುನ್‌ಹುವಾಂಗ್ ಗುಹೆಯ ಗೋಡೆ ಚಿತ್ರದಲ್ಲಿ ವುತಾಯ್ ಬೆಟ್ಟದ ಒಂದು ದೇವಾಲಯದ ಹೆಸರು ಕಂಡಿತ್ತು: ಫೋಗುವಾಂಗ್. ಲಿಯಾಂಗ್ ಲೆಕ್ಕಾಚಾರ ಏನು ಅಂದ್ರೆ, ಬೆಟ್ಟದ ಮಧ್ಯದ ಶ್ರೀಮಂತ ದೇವಾಲಯಗಳನ್ನ ದಾನಿಗಳು ಮತ್ತೆ ಮತ್ತೆ ಹೊಸದಾಗಿ ಕಟ್ಟಿಸಿರ್ತಾರೆ. ದೂರದ ಬಡ ದೇವಾಲಯಕ್ಕೆ ಯಾರೂ ದುಡ್ಡು ಹಾಕಿರಲ್ಲ, ಅಲ್ಲೇ ಹಳೇದು ಉಳಿದಿರಬೇಕು. 1937ರ ಬೇಸಿಗೆಯಲ್ಲಿ ಹೇಸರಗತ್ತೆ ಮೇಲೆ ಹೋದ್ರು. ಸೂರಿನೊಳಗೆ ಬಾವಲಿ, ತಿಗಣೆ, ದಪ್ಪ ಧೂಳು. ದಿನಗಟ್ಟಲೆ ಅಳತೆ ಮಾಡಿದ್ಮೇಲೆ, ತೊಲೆಯ ಕೆಳಗೆ ಮಸುಕು ಮಸಿ ಅಕ್ಷರ ಕಂಡಿದ್ದು ಲಿನ್ ಕಣ್ಣಿಗೆ. ಅಟ್ಟಣಿಗೆ ಕಟ್ಟಿ, ತೊಲೆ ತೊಳೆದು ಓದಿದ್ರು. ದಾನಿಯ ಹೆಸರು ನಿಂಗ್ ಗೊಂಗ್ಯು, ಒಬ್ಬ ಹೆಂಗಸು. ಹೊರಗಿನ ಕಲ್ಲಿನ ಕಂಬದ ಮೇಲೂ ಅದೇ ಹೆಸರು, ಜೊತೆಗೆ ವರ್ಷ: 857. ಟಾಂಗ್ ಕಾಲದ ಕಟ್ಟಡ ಸಿಕ್ಕಿತ್ತು. ಬೆಟ್ಟ ಇಳಿದು ಬಂದಾಗ ತಿಳೀತು, ಜುಲೈ 7ಕ್ಕೇ ಜಪಾನ್ ಜೊತೆ ಯುದ್ಧ ಶುರುವಾಗಿಬಿಟ್ಟಿತ್ತು.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಲ್ಲ. 1950ರಲ್ಲಿ ಲಿಯಾಂಗ್, ಬೀಜಿಂಗ್‌ನ ಹಳೇ ಕೋಟೆ ಗೋಡೆ ಒಡೀಬೇಡಿ, ಅದರ ಮೇಲೆ ಜನರಿಗೆ ಉದ್ಯಾನ ಮಾಡೋಣ ಅಂತ ವಾದಿಸಿದ್ರು. ಯಾರೂ ಕೇಳಲಿಲ್ಲ. ಇವತ್ತು ಆ ಗೋಡೆಯ ಜಾಗದ ಕೆಳಗೆ ಮೆಟ್ರೋ ಎರಡನೇ ಲೈನ್ ಓಡುತ್ತೆ. ರಾಜಧಾನಿಯ ಗೋಡೆ ಹೋಯ್ತು, ಬೆಟ್ಟದ ಮೂಲೆಯ ತೊಲೆ ಉಳೀತು.

ಈಗ ಲೆಕ್ಕ ಹಾಕಿ. ಲಂಗ ಉಳಿಸಿದ್ದು ಹೆಂಗಸರು. ಖಾರ ಹುಟ್ಟಿಸಿದ್ದು ಬಡವರ ಒಲೆ. ತೊಲೆ ಉಳಿದಿದ್ದು ಯಾರೂ ದುಡ್ಡು ಹಾಕದ ದೇವಾಲಯದಲ್ಲಿ. ಮುಂದಿನ ಸಲ ಯಾರಾದ್ರೂ 'ಇದೇ ನಮ್ಮ ಅಸಲಿ ಸಂಪ್ರದಾಯ' ಅಂದಾಗ, ಅದನ್ನ ಎಷ್ಟು ವರ್ಷದಿಂದ, ಯಾರು ಕಾಪಾಡ್ಕೊಂಡು ಬಂದಿದ್ದಾರೆ ಅಂತ ಕೇಳಿ ನೋಡಿ. ಉತ್ತರ ಸಿಕ್ಕಿದ್ರೆ ಕಾಮೆಂಟ್‌ನಲ್ಲಿ ನನಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.